ಹಳೆಯ ಸ್ಮಾರ್ಟ್‌ಫೋನಿಗೆ ಬದಲಿ ತಂತ್ರಾಂಶ: ವರ್ತಕರು ನಿರ್ಧರಿಸುವ ಮುನ್ನ

ನಂದಗಡದ ಪೇಟೆಗೆ ವ್ಯಾಪಾರ ಹೊಸತಲ್ಲ. ಗೋವೆಯಿಂದ ಅಡಿಕೆ, ತೆಂಗಿನಕಾಯಿ, ಕೊಬ್ಬರಿ ಎಣ್ಣೆ, ಖರ್ಜೂರ, ಮಸಾಲೆ ಪದಾರ್ಥ ಹಾಗೂ ಉಪ್ಪು ಇಲ್ಲಿಗೆ ಬಂದು ಸುತ್ತಲಿನ ಊರುಗಳಿಗೆ ಹಂಚಿಕೆಯಾಗುತ್ತಿದ್ದುದನ್ನೂ, ಗೋಧಿ ಮೊದಲಾದ ಸರಕು ಇಲ್ಲಿಂದ ಹೊರಹೋಗುತ್ತಿದ್ದುದನ್ನೂ ಹತ್ತೊಂಬತ್ತನೆಯ ಶತಮಾನದ ಗೆಝೆಟಿಯರುಗಳು ದಾಖಲಿಸಿವೆ. ಅಂದಿನ ವರ್ತಕನಿಗೆ ತಕ್ಕಡಿ, ಕೀರ್ದಿ-ಖಾತೆಯ ಪುಸ್ತಕ ಮತ್ತು ತಿಜೋರಿ ಈ ಮೂರೂ ಅಂಗಡಿಯ ಆಧಾರಸ್ತಂಭಗಳಾಗಿದ್ದವು. ಇಂದು ಈ ಮೂರರ ಪೈಕಿ ಪುಸ್ತಕ ಮತ್ತು ತಿಜೋರಿ ಎರಡೂ ಬಹುಮಟ್ಟಿಗೆ ಕಿಸೆಯೊಳಗಿನ ಫೋನಿಗೆ ಬಂದು ಸೇರಿವೆ.

ಆದ್ದರಿಂದಲೇ ಫೋನು ನಿಧಾನವಾದಾಗ, ಕಂಪನಿಯು ಹೊಸ ಆವೃತ್ತಿಗಳನ್ನು ಕಳುಹಿಸುವುದನ್ನು ನಿಲ್ಲಿಸಿದಾಗ, ವರ್ತಕರಿಗೆ ಚಿಂತೆಯಾಗುವುದು ಸಹಜ. ಆಗ ಮನೆಯ ಮಕ್ಕಳೋ ಪರಿಚಿತ ಯುವಕರೋ ಒಂದು ಸಲಹೆ ಕೊಡುತ್ತಾರೆ: “ಹೊಸ ಫೋನು ಯಾಕೆ? ಇದಕ್ಕೇ ಬೇರೆ ಸಾಫ್ಟ್‌ವೇರ್ ಹಾಕಿದರಾಯಿತು, ಹೊಸದರಂತೆ ಓಡುತ್ತದೆ.” ಈ ಸಲಹೆಯಲ್ಲಿ ಸತ್ಯಾಂಶವಿದೆ, ಆದರೆ ಅದು ಪೂರ್ಣ ಸತ್ಯವಲ್ಲ. ಈ ವಿಷಯಕ್ಕೆ ಹೊಸಬರಾದ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಯಾವ ಅಂಶಗಳನ್ನು ತೂಗಿ ನೋಡಿ ತೀರ್ಮಾನಕ್ಕೆ ಬರಬೇಕೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬದಲಿ ತಂತ್ರಾಂಶವೆಂದರೇನು?

ಆ್ಯಪಲ್ ಕಂಪನಿಯ ಐಫೋನನ್ನು ಹೊರತುಪಡಿಸಿದರೆ ನಮ್ಮಲ್ಲಿ ಬಳಕೆಯಲ್ಲಿರುವ ಬಹುತೇಕ ಎಲ್ಲ ಸ್ಮಾರ್ಟ್‌ಫೋನುಗಳನ್ನು ನಡೆಸುವ ಮೂಲ ತಂತ್ರಾಂಶವೆಂದರೆ ಆಂಡ್ರಾಯ್ಡ್. ಇದನ್ನು ಹೊಂದಿದ ಮೊದಲ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಆಂಡ್ರಾಯ್ಡ್‌ನ ಮೂಲ ಸಂಕೇತವನ್ನು ಗೂಗಲ್ ಸಂಸ್ಥೆಯು ಮುಕ್ತವಾಗಿ ಪ್ರಕಟಿಸುತ್ತದೆ. ಪ್ರತಿಯೊಂದು ಫೋನು ಕಂಪನಿಯೂ ಅದನ್ನು ತನ್ನ ಯಂತ್ರಕ್ಕೆ ಹೊಂದಿಸಿ, ತನ್ನದೇ ಅಲಂಕಾರ ಹಾಗೂ ಆ್ಯಪ್‌ಗಳನ್ನು ಸೇರಿಸಿ ಮಾರುತ್ತದೆ.

ಮೂಲ ಸಂಕೇತವು ಮುಕ್ತವಾಗಿರುವುದರಿಂದ ಕಂಪನಿಯ ಹೊರಗಿನವರೂ ಅದನ್ನು ಪಡೆದು, ನಿರ್ದಿಷ್ಟ ಮಾದರಿಯ ಫೋನಿಗೆ ಹೊಂದುವಂತೆ ಸಿದ್ಧಪಡಿಸಬಹುದು. ಹೀಗೆ ಸಿದ್ಧವಾದುದನ್ನೇ ಬಲ್ಲವರು ‘ಕಸ್ಟಮ್ ರಾಮ್’ ಎನ್ನುತ್ತಾರೆ. ಫೋನಿನ ಮೆಮೊರಿಯ ಅಳತೆ ಹೇಳುವಾಗ ಬಳಸುವ ‘ರ‍್ಯಾಮ್’ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಗೊಂದಲ ಬೇಡವೆಂದು ಈ ಲೇಖನದಲ್ಲಿ ಇದನ್ನು ‘ಬದಲಿ ತಂತ್ರಾಂಶ’ ಎಂದೇ ಕರೆಯಲಾಗಿದೆ. ಇಂದು ಇವುಗಳಲ್ಲಿ ಹೆಚ್ಚು ಪ್ರಚಲಿತವಾದದ್ದು ಲಿನಿಯೇಜ್ ಓಎಸ್. ಇದು ಉಚಿತವಾದದ್ದು, ಸ್ವಯಂಸೇವಕರು ನಡೆಸಿಕೊಂಡು ಬರುತ್ತಿರುವಂಥದ್ದು.

ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಪ್ಲೇ ಸ್ಟೋರಿನಿಂದ ಆ್ಯಪ್ ಒಂದನ್ನು ಹಾಕಿಕೊಳ್ಳುವುದು ಅಂಗಡಿಗೆ ಹೊಸ ಕಪಾಟು ತಂದಂತೆ, ಬೇಡವಾದರೆ ತೆಗೆದಿಡಬಹುದು. ಬದಲಿ ತಂತ್ರಾಂಶ ಹಾಕುವುದು ಕಟ್ಟಡದ ತಳಪಾಯವನ್ನೇ ತೆಗೆದು ಬೇರೆ ತಳಪಾಯ ಹಾಕಿದಂತೆ. ಮೇಲಿರುವ ಸಮಸ್ತವನ್ನೂ ಮೊದಲು ಖಾಲಿ ಮಾಡಲೇಬೇಕು.

ಇದರ ಆಕರ್ಷಣೆ ಎಲ್ಲಿಂದ ಬಂತು?

ಕನ್ನಡಿಗರ ಮಟ್ಟಿಗೆ ಇದಕ್ಕೆ ಒಂದು ವಿಶೇಷ ಕಾರಣವಿತ್ತು. ಆಂಡ್ರಾಯ್ಡ್‌ನ ಆರಂಭದ ಆವೃತ್ತಿಗಳಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ; ಅಕ್ಷರದ ಬದಲು ಖಾಲಿ ಚೌಕಗಳು ಕಾಣಿಸುತ್ತಿದ್ದವು. ಕನ್ನಡ, ತೆಲುಗು ಹಾಗೂ ಮಲಯಾಳಂ ಲಿಪಿಗಳಿಗೆ ಬೆಂಬಲ ದೊರೆತದ್ದು 2012ರಲ್ಲಿ ಬಂದ 4.1ನೆಯ ಆವೃತ್ತಿಯಿಂದ. ಅದಕ್ಕೆ ಮೊದಲಿನ ಫೋನುಗಳಲ್ಲಿ ತಾಯ್ನುಡಿಯನ್ನು ಓದಬೇಕೆಂಬ ಹಂಬಲದಿಂದಲೇ ಕೆಲವರು ಫೋನಿನ ಒಳಗಿನ ಬೀಗ ತೆಗೆದು ಅಕ್ಷರಶೈಲಿಯನ್ನು ಸೇರಿಸುತ್ತಿದ್ದರು. ಅಂದು ಅದಕ್ಕೆ ಅರ್ಥವಿತ್ತು. ಇಂದು ಕನ್ನಡವೂ ಮರಾಠಿಯೂ ಫೋನಿನಲ್ಲಿ ಮೊದಲೇ ಅಳವಟ್ಟಿರುವುದರಿಂದ ಆ ಕಾರಣ ಉಳಿದಿಲ್ಲ.

ಎರಡನೆಯದು ಸಯನೋಜನ್‌ಮಾಡ್ ಎಂಬ ಬದಲಿ ತಂತ್ರಾಂಶದ ಕಥೆ. ವರ್ತಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಹವ್ಯಾಸಿಗಳ ಕೆಲಸವಾಗಿ 2009ರಲ್ಲಿ ಆರಂಭವಾದ ಇದು ಅಪಾರ ಜನಪ್ರಿಯತೆ ಗಳಿಸಿ, ಮುಂದೆ ಅದರ ಹೆಸರಿನಲ್ಲೇ ಒಂದು ಕಂಪನಿಯೂ ಸ್ಥಾಪಿತವಾಯಿತು. ಡಿಸೆಂಬರ್ 2014ರಲ್ಲಿ ಒನ್‌ಪ್ಲಸ್ ಕಂಪನಿಯು ಆ ತಂತ್ರಾಂಶವುಳ್ಳ ಫೋನನ್ನು ಭಾರತಕ್ಕೆ ತಂದಿತು. ಆದರೆ ಭಾರತದಲ್ಲಿ ಆ ತಂತ್ರಾಂಶದ ಹಕ್ಕು ತನಗೇ ದೊರೆತಿದೆಯೆಂದು ಮೈಕ್ರೋಮ್ಯಾಕ್ಸ್ ಕಂಪನಿಯು ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೋಯಿತು. ನ್ಯಾಯಾಲಯವು ಮೊದಲು ಮಾರಾಟಕ್ಕೆ ತಡೆಯಾಜ್ಞೆ ನೀಡಿತು. ಅದೇ ತಿಂಗಳು ಮೇಲಿನ ಪೀಠವು ಆ ತಡೆಯನ್ನು ಸಡಿಲಿಸಿತು. ಮೈಕ್ರೋಮ್ಯಾಕ್ಸ್‌ನ ಯು ಯುರೇಕಾ ಎಂಬ ಫೋನು ಜನವರಿ 2015ರಲ್ಲಿ ಅದೇ ತಂತ್ರಾಂಶದೊಡನೆ ಮಾರಾಟಕ್ಕೆ ಬಂದಿತು. ಇಷ್ಟೆಲ್ಲ ಪೈಪೋಟಿಗೆ ಕಾರಣವಾದ ಆ ತಂತ್ರಾಂಶದ ಸೇವೆಯನ್ನು ಅದರ ಕಂಪನಿಯು ಡಿಸೆಂಬರ್ 2016ರ ಕೊನೆಗೆ ನಿಲ್ಲಿಸಿಬಿಟ್ಟಿತು. ಅದರ ಮುಕ್ತ ಸಂಕೇತವನ್ನು ಆಧರಿಸಿ ಸ್ವಯಂಸೇವಕರು ಮುಂದುವರಿಸಿದ್ದೇ ಈಗಿನ ಲಿನಿಯೇಜ್ ಓಎಸ್.

ಇದರಿಂದ ತಿಳಿಯುವುದು ಇಷ್ಟು: ಬದಲಿ ತಂತ್ರಾಂಶದ ಹಿಂದೆ ಯಾರಿದ್ದಾರೆ, ಎಷ್ಟು ಕಾಲ ಇರುತ್ತಾರೆ ಎಂಬುದಕ್ಕೆ ಖಾತರಿಯಿಲ್ಲ. ಲಿನಿಯೇಜ್ ಓಎಸ್‌ನಲ್ಲಿಯೂ ಪ್ರತಿ ಮಾದರಿಯ ಫೋನಿಗೆ ಒಬ್ಬರೋ ಇಬ್ಬರೋ ಸ್ವಯಂಸೇವಕರು ಹೊಣೆ ಹೊತ್ತಿರುತ್ತಾರೆ. ಅವರು ಬಿಟ್ಟರೆ ಆ ಮಾದರಿಯು ಪಟ್ಟಿಯಿಂದ ಹೊರಬೀಳಬಹುದು. ದೂರು ಕೊಡಲು ಕಚೇರಿಯಿಲ್ಲ, ರಿಪೇರಿಗೆ ಬೆಳಗಾವಿಯಲ್ಲಿ ಸೇವಾ ಕೇಂದ್ರವಿಲ್ಲ.

ಮುದ್ರೆ ಒಡೆದ ತಕ್ಕಡಿ

ಬದಲಿ ತಂತ್ರಾಂಶ ಹಾಕಬೇಕಾದರೆ ಮೊದಲು ಫೋನಿನ ‘ಬೂಟ್‌ಲೋಡರ್’ ಎಂಬ ಬೀಗವನ್ನು ತೆರೆಯಬೇಕು. ಫೋನು ಹೊತ್ತಿಕೊಂಡ ಕ್ಷಣದಲ್ಲಿ, ಒಳಗಿರುವ ತಂತ್ರಾಂಶವು ಕಂಪನಿಯದೇ ಹೌದೋ ಅಲ್ಲವೋ ಎಂದು ಪರೀಕ್ಷಿಸಿ ಮುಂದೆ ಬಿಡುವ ಕಾವಲುಗಾರನೇ ಈ ಬೂಟ್‌ಲೋಡರ್. ಇದನ್ನು ತೆರೆಯುವಾಗ ಫೋನಿನಲ್ಲಿರುವ ಎಲ್ಲ ಮಾಹಿತಿಯೂ ಅಳಿಸಿಹೋಗುತ್ತದೆ. ಇದು ದೋಷವಲ್ಲ; ಕದ್ದ ಫೋನಿನ ಬೀಗ ತೆರೆದು ಒಳಗಿನ ಮಾಹಿತಿ ಪಡೆಯಬಾರದೆಂದು ಉದ್ದೇಶಪೂರ್ವಕವಾಗಿಯೇ ಹೀಗೆ ಮಾಡಲಾಗಿದೆ.

ವರ್ತಕರಿಗೆ ಇದನ್ನು ಅರ್ಥಮಾಡಿಕೊಳ್ಳಲು ಅಂಗಡಿಯ ತಕ್ಕಡಿಯೇ ಉತ್ತಮ ನಿದರ್ಶನ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ತೂಕದ ಯಂತ್ರವನ್ನು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಆ ಮುದ್ರೆಯನ್ನು ಒಡೆದು ಒಳಗಿನ ಭಾಗವನ್ನು ತಾವೇ ಸರಿಪಡಿಸಿದರೆ ಯಂತ್ರವು ಮೊದಲಿಗಿಂತ ಚೆನ್ನಾಗಿ ತೂಗಬಹುದು. ಆದರೂ ತಪಾಸಣೆಗೆ ಬಂದ ಅಧಿಕಾರಿ ಅದನ್ನು ಒಪ್ಪುವುದಿಲ್ಲ. ಅವರು ಮೊದಲು ನೋಡುವುದು ಮುದ್ರೆಯನ್ನು. ಬ್ಯಾಂಕುಗಳ ಹಾಗೂ ಪಾವತಿ ಸಂಸ್ಥೆಗಳ ಆ್ಯಪ್‌ಗಳೂ ಫೋನಿನ ವಿಷಯದಲ್ಲಿ ಹೀಗೆಯೇ ವರ್ತಿಸುತ್ತವೆ. ಗೂಗಲ್‌ನ ‘ಪ್ಲೇ ಇಂಟೆಗ್ರಿಟಿ’ ಎಂಬ ವ್ಯವಸ್ಥೆಯ ಮೂಲಕ ಅವು ಫೋನಿನ ಬೀಗ ಭದ್ರವಾಗಿದೆಯೇ, ತಂತ್ರಾಂಶವು ಮಾನ್ಯತೆ ಪಡೆದದ್ದೇ ಎಂದು ವಿಚಾರಿಸುತ್ತವೆ. ಉತ್ತರ ಸರಿಯಿಲ್ಲದಿದ್ದರೆ ಆ್ಯಪ್ ತೆರೆಯಲು ನಿರಾಕರಿಸಬಹುದು.

ಇದು ಬ್ಯಾಂಕುಗಳ ಹಠಮಾರಿತನವೆಂದು ಭಾವಿಸಬಾರದು. ಭಾರತೀಯ ರಿಸರ್ವ್ ಬ್ಯಾಂಕು ಫೆಬ್ರವರಿ 2021ರಲ್ಲಿ ಹೊರಡಿಸಿದ ಡಿಜಿಟಲ್ ಪಾವತಿ ಸುರಕ್ಷತೆಯ ನಿರ್ದೇಶನದಲ್ಲಿ, ಒಳಬೀಗ ತೆಗೆದ ಫೋನುಗಳನ್ನು ಗುರುತಿಸಿ ಅವುಗಳಲ್ಲಿ ಆ್ಯಪ್ ಕೆಲಸ ಮಾಡದಂತೆ ತಡೆಯುವ ಸಾಧ್ಯತೆಯನ್ನು ಪರಿಶೀಲಿಸಲು ಬ್ಯಾಂಕುಗಳಿಗೆ ಸೂಚಿಸಿದೆ. ಈ ತಪಾಸಣೆಯನ್ನು ತಪ್ಪಿಸಿಕೊಳ್ಳುವ ಉಪಾಯಗಳು ಇವೆಯೆಂದು ಬಲ್ಲವರು ಹೇಳುವುದುಂಟು. ಅಂಥವು ಇಂದು ನಡೆದರೆ ನಾಳೆ ನಡೆಯುವ ಭರವಸೆಯಿಲ್ಲ. ಮೇಲಾಗಿ, ಬ್ಯಾಂಕಿನ ತಪಾಸಣೆಗೆ ಮರೆಮಾಚಿದ ಫೋನಿನಿಂದ ಹಣ ಕಳುವಾದರೆ ತಮ್ಮಿಂದ ನಿರ್ಲಕ್ಷ್ಯವಾಗಿಲ್ಲವೆಂದು ವಾದಿಸುವುದು ಖಾತೆದಾರರಿಗೆ ಕಷ್ಟವಾದೀತು.

ವ್ಯಾಪಾರದ ಫೋನಿನಲ್ಲಿ ಏನೇನು ನಿಲ್ಲಬಹುದು?

1. ಯುಪಿಐ ಪಾವತಿ: 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಆ್ಯಪ್, ಸಿಮ್ ಹಾಗೂ ಫೋನು ಈ ಮೂರಕ್ಕೂ ಗಂಟು ಹಾಕಲಾಗಿರುತ್ತದೆ. ತಂತ್ರಾಂಶ ಬದಲಾದೊಡನೆ ಆ ಗಂಟು ಬಿಚ್ಚಿ, ಹೊಸದಾಗಿ ನೋಂದಾಯಿಸಬೇಕಾಗುತ್ತದೆ. ಹೊಸ ನೋಂದಣಿಯ ನಂತರದ ಮೊದಲ 24 ಗಂಟೆಗಳಲ್ಲಿ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಕಳುಹಿಸಲು ಬರುವುದಿಲ್ಲ. ಅಂಗಡಿಯ ಗೋಡೆಯ ಮೇಲಿನ ಕ್ಯೂಆರ್ ಕೋಡಿಗೆ ಗಿರಾಕಿಗಳು ಕಳುಹಿಸುವ ಹಣವೇನೋ ಖಾತೆಗೆ ಬಂದು ಸೇರುತ್ತದೆ. ಆದರೆ ಸರಕು ಕೊಟ್ಟವರಿಗೆ ಹಣ ಕಳುಹಿಸುವುದು, ಜಮೆಯನ್ನು ಆ್ಯಪ್‌ನಲ್ಲಿ ಪರಿಶೀಲಿಸುವುದು ನಿಲ್ಲುತ್ತದೆ.

2. ಇ-ವೇ ಬಿಲ್: 50,000 ರೂಪಾಯಿಗೆ ಮೀರಿದ ಸರಕು ಸಾಗಣೆಗೆ ಇದು ಅಗತ್ಯ. ರಾಜ್ಯದೊಳಗಿನ ಸಾಗಣೆಗೂ 1 ಏಪ್ರಿಲ್ 2018ರಿಂದಲೇ ಇದನ್ನು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಈ ಜಾಲತಾಣಕ್ಕೆ ಪ್ರವೇಶಿಸಲು ಗುಪ್ತಪದದ ಜೊತೆಗೆ ಒಂದು ಬಾರಿಯ ಸಂಕೇತ ಸಂಖ್ಯೆಯನ್ನೂ ಕೊಡಬೇಕೆಂಬ ನಿಯಮ 1 ಏಪ್ರಿಲ್ 2025ರಿಂದ ಎಲ್ಲ ತೆರಿಗೆದಾರರಿಗೂ ಅನ್ವಯಿಸಿದೆ. ನೋಂದಾಯಿತ ಸಂಖ್ಯೆಯುಳ್ಳ ಫೋನು ಕೆಲಸ ಮಾಡದಿದ್ದರೆ ಲಾರಿ ತುಂಬಿ ನಿಂತರೂ ಬಿಲ್ ತೆಗೆಯಲಾಗದು.

3. ಧ್ವನಿ ಕರೆ: ಸೆಪ್ಟೆಂಬರ್ 2016ರಲ್ಲಿ ಸೇವೆ ಆರಂಭಿಸಿದ ಜಿಯೋ ಜಾಲದಲ್ಲಿ ಹಳೆಯ 2ಜಿ, 3ಜಿ ಕರೆಗಳಿಲ್ಲ, ಕರೆಯೂ 4ಜಿಯ ಮೇಲೆಯೇ ಹೋಗಬೇಕು. ಇದಕ್ಕೆ ಬೇಕಾದ ಭಾಗವು ಆಯಾ ಕಂಪನಿಯ ತಂತ್ರಾಂಶದಲ್ಲಿ ಅಡಕವಾಗಿರುತ್ತದೆ. ಬದಲಿ ತಂತ್ರಾಂಶದಲ್ಲಿ ಅದು ಸರಿಯಾಗಿ ಹೊಂದದಿದ್ದರೆ ಇಂಟರ್‌ನೆಟ್ ಬಂದರೂ ಕರೆ ಹೋಗುವುದಿಲ್ಲ. ಖಾನಾಪುರ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಸಂಕೇತ ಮೊದಲೇ ದುರ್ಬಲ. ಅಲ್ಲಿಯ ವರ್ತಕರು ಈ ಅಂಶವನ್ನು ಮರೆಯಬಾರದು.

4. ಕಂಪನಿಯ ವಾರಂಟಿ: ಬೀಗ ತೆರೆದ ಫೋನಿಗೆ ವಾರಂಟಿ ನಿರಾಕರಿಸಲ್ಪಡಬಹುದು. ಸ್ಯಾಮ್‌ಸಂಗ್ ಫೋನುಗಳಲ್ಲಿ ಅನ್ಯ ತಂತ್ರಾಂಶ ಹಾಕಿದೊಡನೆ ‘ನಾಕ್ಸ್’ ಎಂಬ ಒಳಗುರುತು ಶಾಶ್ವತವಾಗಿ ಬದಲಾಗುತ್ತದೆ. ಮತ್ತೆ ಕಂಪನಿಯ ತಂತ್ರಾಂಶವನ್ನೇ ಹಾಕಿದರೂ ಆ ಗುರುತು ಮೊದಲಿನಂತಾಗುವುದಿಲ್ಲ.

5. ಫೋನೇ ನಿಂತುಹೋಗುವುದು: ಬೇರೆ ಮಾದರಿಗೆ ಸೇರಿದ ಕಡತವನ್ನು ಹಾಕಿದರೆ ಅಥವಾ ನಡುವೆ ವಿದ್ಯುತ್ ಹೋಗಿ ಗಣಕಯಂತ್ರ ನಿಂತರೆ ಫೋನು ಮತ್ತೆ ಹೊತ್ತಿಕೊಳ್ಳದಿರಬಹುದು. ಇದಕ್ಕೆ ಬಲ್ಲವರು ಕೊಟ್ಟ ಹೆಸರು ‘ಬ್ರಿಕ್’, ಅಂದರೆ ಇಟ್ಟಿಗೆ. ಖಾನಾಪುರದ ಭಟ್ಟಿಗಳಿಂದ ಬರುವ ಇಟ್ಟಿಗೆಗಾದರೂ ಬೆಲೆಯಿದೆ, ಈ ಇಟ್ಟಿಗೆಗೆ ಬೆಲೆಯಿಲ್ಲ.

ಜುಲೈ 2025ರಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಯ ಆಧಾರದ ಮೇಲೆ ಸಣ್ಣ ವರ್ತಕರಿಗೆ ನೋಟಿಸು ಕಳುಹಿಸಿದ್ದನ್ನು ಸದಸ್ಯರು ಮರೆತಿರಲಾರರು. ಜಮೆಯಾದ ಪ್ರತಿಯೊಂದು ಮೊತ್ತವೂ ಮಾರಾಟದ್ದೇ, ಸಾಲ ವಾಪಸಾತಿಯೇ, ಮನೆಯವರು ಕಳುಹಿಸಿದ್ದೇ ಎಂಬುದಕ್ಕೆ ಉತ್ತರ ಹೇಳಬೇಕಾಗಿ ಬಂದಾಗ ಫೋನಿನಲ್ಲಿದ್ದ ಸಂದೇಶ, ಬಿಲ್ಲು, ಖಾತೆಯ ಟಿಪ್ಪಣಿಗಳೇ ಆಧಾರ. ತಂತ್ರಾಂಶ ಬದಲಾಯಿಸುವಾಗ ಅವುಗಳ ಪ್ರತಿಯನ್ನು ತೆಗೆದಿಡದೆ ಹೋದರೆ ಆ ಆಧಾರವೇ ಕೈಬಿಡುತ್ತದೆ.

ಹಾಗಾದರೆ ಹಳೆಯ ತಂತ್ರಾಂಶವೇ ಸುರಕ್ಷಿತವೇ?

ಈ ಪ್ರಶ್ನೆ ನ್ಯಾಯವಾದದ್ದು. 2015ರಿಂದ ಗೂಗಲ್ ಪ್ರತಿ ತಿಂಗಳೂ ಸುರಕ್ಷತಾ ತಿದ್ದುಪಡಿಗಳನ್ನು ಪ್ರಕಟಿಸುತ್ತಿದೆ. ಕಂಪನಿಯು ಅವನ್ನು ತಲುಪಿಸುವುದನ್ನು ನಿಲ್ಲಿಸಿದ ಮೇಲೆ ಆ ಫೋನಿನಲ್ಲಿ ತಿಳಿದಿರುವ ದೋಷಗಳು ಹಾಗೆಯೇ ಉಳಿಯುತ್ತವೆ. ಬದಲಿ ತಂತ್ರಾಂಶದ ಪರ ಇರುವ ಬಲವಾದ ವಾದ ಇದೇ: ಕಂಪನಿ ಕೈಬಿಟ್ಟ ಫೋನಿಗೂ ಹೊಸ ತಿದ್ದುಪಡಿಗಳು ದೊರೆಯುತ್ತವೆ. ವಾದ ಸರಿ, ಆದರೆ ಅರ್ಧ ಮಾತ್ರ. ಫೋನಿನ ಒಳಗಿನ ಚಿಪ್ ತಯಾರಕರು ಕೊಡಬೇಕಾದ ತಿದ್ದುಪಡಿಗಳು ಸ್ವಯಂಸೇವಕರ ಕೈಯಲ್ಲಿರುವುದಿಲ್ಲ. ಬಹುತೇಕ ಫೋನುಗಳಲ್ಲಿ ಬೂಟ್‌ಲೋಡರ್ ಬೀಗವೂ ತೆರೆದೇ ಉಳಿಯಬೇಕಾಗುತ್ತದೆ. ಒಂದು ಕಿಟಕಿ ಭದ್ರಪಡಿಸಲು ಹೋಗಿ ಬಾಗಿಲನ್ನು ತೆರೆದಿಟ್ಟಂತಾಗುತ್ತದೆ.

ಆದ್ದರಿಂದ ಕಂಪನಿಯ ತಿದ್ದುಪಡಿ ನಿಂತ ಫೋನಿಗೆ ಸರಿಯಾದ ಉಪಾಯವೆಂದರೆ ಹಣದ ವ್ಯವಹಾರವನ್ನು ಅದರಿಂದ ಬೇರೆ ಫೋನಿಗೆ ಸ್ಥಳಾಂತರಿಸುವುದು. ಇಲ್ಲಿ ವರ್ತಕನ ಲೆಕ್ಕವನ್ನೇ ಹಾಕಿ ನೋಡೋಣ. 10,000 ರೂಪಾಯಿಯ ಹೊಸ ಫೋನನ್ನು ಮೂರು ವರ್ಷ ಬಳಸಿದರೆ ದಿನವೊಂದಕ್ಕೆ ಬೀಳುವ ವೆಚ್ಚ ಸುಮಾರು 9 ರೂಪಾಯಿ. ಬದಲಿ ತಂತ್ರಾಂಶದಿಂದ ಉಳಿಯುವುದು ಇಷ್ಟೇ. ಪಾವತಿ ನಿಂತ ಒಂದೇ ದಿನದಲ್ಲಿ ಆಗುವ ನಷ್ಟವನ್ನು ಪ್ರತಿಯೊಬ್ಬರೂ ತಮ್ಮ ಅಂಗಡಿಯ ವಹಿವಾಟಿನಿಂದ ತಾವೇ ಅಂದಾಜಿಸಬಹುದು. ಹೊಸ ಫೋನು ಕೊಳ್ಳುವಾಗ ಕ್ಯಾಮೆರಾದ ಜೊತೆಗೆ ಸುರಕ್ಷತಾ ತಿದ್ದುಪಡಿ ಎಷ್ಟು ವರ್ಷ ದೊರೆಯುತ್ತದೆಂದೂ ವಿಚಾರಿಸಬೇಕು. ಗೂಗಲ್ 2023ರಲ್ಲಿಯೂ ಸ್ಯಾಮ್‌ಸಂಗ್ 2024ರಲ್ಲಿಯೂ ತಮ್ಮ ಮೇಲ್ದರ್ಜೆಯ ಮಾದರಿಗಳಿಗೆ 7 ವರ್ಷಗಳ ಭರವಸೆ ಘೋಷಿಸಿದವು. ಕಡಿಮೆ ಬೆಲೆಯ ಮಾದರಿಗಳಲ್ಲಿ ಈ ಅವಧಿ ಬೇರೆ ಬೇರೆಯಾಗಿರುತ್ತದೆ.

ನಿರ್ಧಾರಕ್ಕೆ ಮುನ್ನ ಐದು ಪ್ರಶ್ನೆಗಳು

1. ಈ ಫೋನಿನಲ್ಲಿ ಬ್ಯಾಂಕು, ಯುಪಿಐ ಅಥವಾ ತೆರಿಗೆಗೆ ನೋಂದಾಯಿಸಿದ ಸಿಮ್ ಇದೆಯೇ? ಇದ್ದರೆ ವಿಚಾರ ಇಲ್ಲಿಗೇ ಮುಗಿಯಿತು. ಬದಲಿ ತಂತ್ರಾಂಶ ಹಾಕಬಾರದು.

2. ನಾಳೆ ಬೆಳಿಗ್ಗೆ ಈ ಫೋನು ಪೂರ್ತಿ ನಿಂತುಹೋದರೆ ವ್ಯಾಪಾರಕ್ಕೆ ತೊಂದರೆಯಾಗುತ್ತದೆಯೇ?

3. ಫೋನಿನ ನಿಖರವಾದ ಮಾದರಿ ಸಂಖ್ಯೆ ಅಧಿಕೃತ ಪಟ್ಟಿಯಲ್ಲಿದೆಯೇ? ಒಂದೇ ಹೆಸರಿನ ಫೋನು ಬೇರೆ ಬೇರೆ ದೇಶಗಳಲ್ಲಿ ಬೇರೆ ಚಿಪ್‌ನೊಡನೆ ಮಾರಾಟವಾಗುವುದುಂಟು. ಹೆಸರು ಹೋಲಿದರೆ ಸಾಲದು.

4. ಕಂಪನಿಯು ಬೀಗ ತೆರೆಯಲು ಅನುಮತಿ ಕೊಡುತ್ತದೆಯೇ? ಕೆಲವು ಕಂಪನಿಗಳು ಅರ್ಜಿ ಸಲ್ಲಿಸಿ ಹಲವು ದಿನ ಕಾಯುವಂತೆ ಮಾಡುತ್ತವೆ. ಕೆಲವು ಅನುಮತಿ ಕೊಡುವುದೇ ಇಲ್ಲ.

5. ಕಂಪನಿಯ ಮೂಲ ತಂತ್ರಾಂಶಕ್ಕೆ ಮರಳುವ ದಾರಿ ಗೊತ್ತಿದೆಯೇ? ಮರಳುವ ದಾರಿ ತಿಳಿಯದೆ ಹೊರಡಬಾರದು.

ಬದಲಿ ತಂತ್ರಾಂಶಕ್ಕೆ ಮೊದಲು ಮಾಡಬಹುದಾದ್ದು

ಫೋನು ನಿಧಾನವಾಗಲು ತಂತ್ರಾಂಶವೇ ಕಾರಣವೆಂದು ತಿಳಿಯಬೇಕಿಲ್ಲ. ಅನೇಕ ವೇಳೆ ಜಾಗ ಭರ್ತಿಯಾಗಿರುತ್ತದೆ ಅಥವಾ ಬ್ಯಾಟರಿ ಸವೆದಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಶೇಖರವಾದ ಶುಭೋದಯದ ಚಿತ್ರ, ವಿಡಿಯೋಗಳನ್ನು ಅಳಿಸುವುದು, ಬಳಸದ ಆ್ಯಪ್‌ಗಳನ್ನು ತೆಗೆಯುವುದು, ಅಗತ್ಯವಿದ್ದರೆ ಬ್ಯಾಟರಿ ಬದಲಿಸುವುದು ಮೊದಲ ಹಂತ. ಅದರಿಂದಲೂ ಸರಿಹೋಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿರುವ ‘ಫ್ಯಾಕ್ಟರಿ ರೀಸೆಟ್’ ಎರಡನೆಯ ಹಂತ. ಇದರಿಂದಲೂ ಮಾಹಿತಿ ಅಳಿಯುತ್ತದೆ, ಆದರೆ ಕಂಪನಿಯ ಮುದ್ರೆ ಉಳಿಯುತ್ತದೆ.

ರಿಪೇರಿ ಅಂಗಡಿಯಲ್ಲಿ ‘ಸಾಫ್ಟ್‌ವೇರ್ ಹಾಕಿಸುವ’ ಮುನ್ನ ಕಂಪನಿಯದೇ ತಂತ್ರಾಂಶವನ್ನು ಮರಳಿ ಹಾಕುತ್ತಾರೆಯೇ ಅಥವಾ ಬೇರೆಯದನ್ನೇ ಎಂದು ಸ್ಪಷ್ಟವಾಗಿ ಕೇಳಬೇಕು. ಎರಡೂ ಒಂದೇ ಅಲ್ಲ. ಫೋನು ಕೊಡುವಾಗ ಸಿಮ್ ಹಾಗೂ ಮೆಮೊರಿ ಕಾರ್ಡನ್ನು ತೆಗೆದಿಟ್ಟುಕೊಳ್ಳಬೇಕು. ಯುಪಿಐ ಪಿನ್ ಅನ್ನು ಯಾರಿಗೂ ಹೇಳಬಾರದು.

ಕಲಿಯುವ ಆಸಕ್ತಿಯುಳ್ಳವರಿಗೆ

ಇಷ್ಟು ಹೇಳಿದ ಮಾತ್ರಕ್ಕೆ ಈ ವಿದ್ಯೆಯೇ ವರ್ಜ್ಯವೆಂದಲ್ಲ. ಖಾನಾಪುರದ ಕುಂಬಾರಿಕೆ ತರಬೇತಿ ಕೇಂದ್ರದಲ್ಲಿ ಕಲಿಯುವವರು ಮೊದಲ ದಿನವೇ ಗಿರಾಕಿಯ ಮಡಕೆಗೆ ಕೈ ಹಾಕುವುದಿಲ್ಲ. ಕೆಟ್ಟರೂ ಚಿಂತೆಯಿಲ್ಲದ ಮಣ್ಣಿನ ಮೇಲೆ ಕೈ ಪಳಗಿಸುತ್ತಾರೆ. ಇಲ್ಲಿಯೂ ಅದೇ ಕ್ರಮ ಸಾಧು. ಪೆಟ್ಟಿಗೆಯಲ್ಲಿ ಬಿದ್ದಿರುವ, ಸಿಮ್ ಇಲ್ಲದ, ಯಾವ ಖಾತೆಯೂ ಜೋಡಣೆಯಾಗದ ಹಳೆಯ ಫೋನಿನ ಮೇಲೆ ಪ್ರಯೋಗ ಮಾಡಬಹುದು. ಕಡತವನ್ನು ಅಧಿಕೃತ ತಾಣದಿಂದಲೇ ಪಡೆಯಬೇಕು. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದನ್ನು ಹಾಕಬಾರದು. ಬ್ಯಾಟರಿ ಪೂರ್ತಿ ತುಂಬಿರಬೇಕು. ವಿದ್ಯುತ್ ಕೈಕೊಡುವ ಊರಿನಲ್ಲಿ ಮೇಜಿನ ಗಣಕಯಂತ್ರಕ್ಕಿಂತ ಲ್ಯಾಪ್‌ಟಾಪ್ ಬಳಸುವುದು ಕ್ಷೇಮ. ಸೂಚನೆಗಳನ್ನು ಆರಂಭದಿಂದ ಕೊನೆಯವರೆಗೆ ಒಮ್ಮೆ ಓದಿ, ಆಮೇಲೆ ಕೈ ಹಾಕಬೇಕು.

ಹೀಗೆ ಜೀವ ಪಡೆದ ಹಳೆಯ ಫೋನಿಗೆ ಅಂಗಡಿಯಲ್ಲಿ ಕೆಲಸ ಬೇಕಾದಷ್ಟಿದೆ. ಗೋದಾಮಿನ ಕ್ಯಾಮೆರಾ ನೋಡಲು, ಗಿರಾಕಿಗಳಿಗೆ ಮಾದರಿಯ ಚಿತ್ರ ಹಾಗೂ ದರಪಟ್ಟಿ ತೋರಿಸಲು, ದಾಸ್ತಾನು ಬರೆದಿಡಲು, ವೈಫೈ ಮೂಲಕ ಸುದ್ದಿ ಕೇಳಲು ಅದು ಸಾಕು. ಉದ್ಯಮಬಾಗದಂತಹ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿ ಬಿಡಿಭಾಗಗಳ ನಕ್ಷೆಯನ್ನು ಯಂತ್ರದ ಬಳಿಯೇ ತೆರೆದು ನೋಡಲೂ ಉಪಯೋಗಕ್ಕೆ ಬರುತ್ತದೆ. ಈ ಕೆಲಸಗಳಲ್ಲಿ ಫೋನು ಒಂದು ದಿನ ನಿಂತರೂ ವಹಿವಾಟು ನಿಲ್ಲುವುದಿಲ್ಲ.

ಒಟ್ಟಿನಲ್ಲಿ, ಬದಲಿ ತಂತ್ರಾಂಶ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗಿಂತ ಆ ಫೋನು ಏನನ್ನು ಹೊತ್ತಿದೆ ಎಂಬ ಪ್ರಶ್ನೆಯೇ ವರ್ತಕರಿಗೆ ಮುಖ್ಯ. ಹಣ ಹೊತ್ತ ಫೋನಿನ ಮುದ್ರೆಯನ್ನು ಒಡೆಯಬಾರದು. ಏನನ್ನೂ ಹೊರದ ಫೋನಿನ ಮೇಲೆ ಕಲಿಯಲು ಅಡ್ಡಿಯಿಲ್ಲ. ಎಷ್ಟೇ ಎಚ್ಚರ ವಹಿಸಿದರೂ ಖಾತೆಯಿಂದ ಹಣ ಹೋದಲ್ಲಿ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೂ ತಿಳಿಸತಕ್ಕದ್ದು. ಸದಸ್ಯರು ಈ ವಿಷಯವನ್ನು ಮನೆಯ ಯುವಕರೊಡನೆಯೂ ಅಂಗಡಿಯ ನೌಕರರೊಡನೆಯೂ ಒಮ್ಮೆ ಚರ್ಚಿಸಿ, ಯಾವ ಫೋನು ವ್ಯವಹಾರಕ್ಕೆ, ಯಾವುದು ಪ್ರಯೋಗಕ್ಕೆ ಎಂದು ಇಂದೇ ವಿಂಗಡಿಸಿಟ್ಟುಕೊಳ್ಳುವುದು ಉಚಿತ.